ಆರನೇ ಕಂಪ್ಯೂಟರಿನಲ್ಲಿ ಉಳಿದ ಹೆಸರು

“ಖರೇ ಹೆಸರ ಬರೀರಿ ಮೇಡಂ.”

ಜಯಮಾಲಾಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಸಿಂದಗಿಯ ಬಸ್ ನಿಲ್ದಾಣದ ಎದುರಿನ ಸೈಬರ್ ಅಂಗಡಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಎರಡು ಸಾವಿರದ ಆರನೇ ಇಸವಿಯ ಜೂನ್ ತಿಂಗಳು. ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು ಎಂದಾಗ ಅವಳು ಹಿಂದೆ ಮುಂದೆ ನೋಡದೆ ‘ಸುನಂದಾ, ಇಂಡಿ’ ಎಂದು ಸುಳ್ಳು ಹೆಸರು, ಸುಳ್ಳು ಊರು ಬರೆದುಬಿಟ್ಟಿದ್ದಳು.

“ಇದ... ಇದ ನನ್ನ ಖರೇ ಹೆಸರು.”

ಮೇಜಿನ ಆಚೆ ಕುಳಿತಿದ್ದ ಯುವಕ ತಲೆಯೆತ್ತಿ ನೋಡಿದ. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಜನರಿದ್ದರು. ಅವರಿಗೆ ಕೇಳದಷ್ಟು ದನಿ ತಗ್ಗಿಸಿ ಹೇಳಿದ.

“ಹೋದ ತಿಂಗಳ ದವಾಖಾನ್ಯಾಗ ನನ್ನ ರಕ್ತ ತಗದವರು ನೀವ ಅಲ್ರಿ? ಕೊರಳಾಗಿನ ಕಾರ್ಡಿನ ಮ್ಯಾಲೆ ಹೆಸರ ಓದಿದ್ದೆ. ಜಯಮಾಲಾ ಅಂತ.”

ಅವಳ ಮುಖ ಕೆಂಪಾಯಿತು. ಸಿಕ್ಕಿಬಿದ್ದ ನಾಚಿಕೆಗಿಂತ ಹೆಚ್ಚು, ಸಿಟ್ಟು!

“ಕಂಪ್ಯೂಟರ್ ನೋಡಾಕ ಹೆಸರ ಯಾಕ ಬೇಕ್ರಿ? ರೊಕ್ಕ ಕೊಟ್ರ ಸಾಲಂಗಿಲ್ಲೇನು?”

“ನನಗ ಬೇಕಾಗಿಲ್ರಿ. ಪೊಲೀಸರ ಆರ್ಡರ್ ಐತಿ. ಸುಳ್ಳ ಬರಸಿದ್ರ ನನ್ನ ಅಂಗಡಿ ಬಾಗಲಾ ಹಾಕಸ್ತಾರ. ಈ ರಿಜಿಸ್ಟರ್ ನನ್ನ ಡ್ರಾದಾಗ ಇರತೈತಿ. ಕೀಲಿ ನನ್ನ ಕಿಸೆದಾಗ. ನಾ ಸಿದ್ದಾರೂಢ, ತಾಂಬಾ ಊರಾಂವ. ಯಾರಿಗೂ ತೋರ್ಸಂಗಿಲ್ರಿ, ಮಾತ ಕೊಡ್ತೇನಿ.”

ಅವಳು ಎದ್ದು ಹೋಗಿಬಿಡಬಹುದಿತ್ತು. ಆದರೆ ಎಂಟು ವರ್ಷದಿಂದ ಒಳಗೇ ಕುದಿಯುತ್ತಿದ್ದ ಪ್ರಶ್ನೆಯೊಂದು ಅವಳನ್ನು ಅಲ್ಲಿಗೆ ಎಳೆದು ತಂದಿತ್ತು. ‘ಸುನಂದಾ’ ಎಂಬುದನ್ನು ಹೊಡೆದುಹಾಕಿ, ಸಣ್ಣ ಅಕ್ಷರದಲ್ಲಿ ತನ್ನ ಹೆಸರು ಬರೆದಳು.

“ಮೂಲ್ಯಾಗಿನ ಆರನೇ ನಂಬರಿಗೆ ಹೋಗ್ರಿ. ಅಲ್ಲಿ ಯಾರದೂ ಕಾಟ ಇರಂಗಿಲ್ಲ.”

*

ಜಯಮಾಲಾಗೆ ಆಗ ಇಪ್ಪತ್ತಾರು ವರ್ಷ. ಊರಿನ ಒಂದು ಖಾಸಗಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ತಂದೆ ಖಂಡೆಪ್ಪನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ತಾಯಿ ಲಕ್ಕವ್ವ ಮನೆಯ ಯಜಮಾನಿ, ಯಜಮಾನನಿಗೂ ಯಜಮಾನಿ!

ಹದಿನೆಂಟನೇ ವಯಸ್ಸಿನಲ್ಲಿ ಅವಳ ಎಡತೋಳಿನ ಮೇಲೆ ಹುಣಸೆಬೀಜದಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡಿತ್ತು. ಈಗ ಅದು ಅಂಗೈಯಗಲ ಹರಡಿ, ಮೊಳಕೈ ದಾಟಿ ಇಳಿಯುತ್ತಿತ್ತು. ಅದಕ್ಕೇ ಅವಳು ಬೇಸಿಗೆಯಲ್ಲೂ ಮಣಿಕಟ್ಟಿನತನಕ ತೋಳಿರುವ ಚೂಡಿದಾರ ತೊಡುತ್ತಿದ್ದಳು.

ಗೊತ್ತಿದ್ದದ್ದು ತಾಯಿಗೆ ಮಾತ್ರ.

“ನಿಮ್ಮಪ್ಪಗೂ ಹೇಳಬ್ಯಾಡ. ಗಂಡಸರ ಬಾಯಾಗ ಮಾತ ನಿಂದ್ರಂಗಿಲ್ಲ. ತೊನ್ನ ಅಂತ ಗೊತ್ತಾದ್ರ ನಿನ್ನ ಯಾರು ಮಾಡಿಕೋತಾರ?”

ಆ ಒಂದು ಮಾತು ಎಂಟು ವರ್ಷ ಅವಳ ಬಾಯಿಗೆ ಬೀಗವಾಗಿತ್ತು.

ಆರನೇ ಕಂಪ್ಯೂಟರಿನ ಮುಂದೆ ಕುಳಿತು, ಡಿಪ್ಲೊಮಾದಲ್ಲಿ ಕಲಿತ ಇಂಗ್ಲಿಷನ್ನು ನೆಚ್ಚಿಕೊಂಡು ಅವಳು ಹುಡುಕಿದಳು. ಒಂದು ವೆಬ್‌ಸೈಟ್ ಸಿಕ್ಕಿತು. ಬಿಳಿ ಮಚ್ಚೆ ಇದ್ದವರೇ ಕೂಡಿ ಮಾತಾಡುವ ಜಾಗ! ನಾಸಿಕದ ಒಬ್ಬ ಮಾಸ್ತರು, ಮದುರೆಯ ಒಬ್ಬ ನರ್ಸ್, ಎಲ್ಲಿಯೋ ದೂರದ ಕೆನಡಾದ ಒಬ್ಬ ಅಜ್ಜಿ...

ಓದುತ್ತ ಓದುತ್ತ ಅವಳ ಕಣ್ಣು ಮಂಜಾದವು. ‘ಅಯ್ಯೋ... ನಾನೊಬ್ಬಳೇ ಅಲ್ಲ!’

ತಾನೂ ಬರೆಯಬೇಕೆಂದರೆ ಖಾತೆ ತೆರೆಯಬೇಕಿತ್ತು. ಹೆಸರು ಜಯಮಾಲಾ, ಊರು ಸಿಂದಗಿ. ಕೆಳಗೆ ಸಣ್ಣಕ್ಷರದಲ್ಲಿ ಎರಡು ಪುಟ ಇಂಗ್ಲಿಷ್ ಇತ್ತು, ಓದಲಿಲ್ಲ. ‘ಒಪ್ಪಿದೆ’ ಎಂಬಲ್ಲಿ ಗುರುತು ಹಾಕಿದಳು. ‘ನನ್ನನ್ನು ನೆನಪಿಟ್ಟುಕೋ’ ಎಂಬ ಇನ್ನೊಂದು ಚೌಕ ಕಂಡಿತು. ಪ್ರತಿ ಸಲ ಪಾಸ್‌ವರ್ಡ್ ಹೊಡೆಯುವ ಕಷ್ಟ ಯಾಕೆಂದು ಅದಕ್ಕೂ ಗುರುತು ಹಾಕಿದಳು.

ತನ್ನನ್ನು ನೆನಪಿಟ್ಟುಕೊಳ್ಳಲು ಒಬ್ಬರಿದ್ದಾರೆ ಎಂಬುದೇ ಆ ಹೊತ್ತಿನಲ್ಲಿ ಅವಳಿಗೆ ಹಿತವೆನಿಸಿತ್ತು...

*

ಗುರುವಾರ ದವಾಖಾನೆಗೆ ಅರ್ಧ ದಿನ ರಜೆ. ಪ್ರತಿ ಗುರುವಾರ ಮಧ್ಯಾಹ್ನ ಅವಳು ಬರತೊಡಗಿದಳು. ಮನೆಯಲ್ಲಿ ಹೇಳಿದ ಕಾರಣ, ಸರಕಾರಿ ನೌಕರಿಯ ಅರ್ಜಿ.

ಸಿದ್ದಾರೂಢ ಏನೂ ಕೇಳುತ್ತಿರಲಿಲ್ಲ. ಮೂರನೇ ವಾರ ಬಂದಾಗ ಆರನೇ ಕಂಪ್ಯೂಟರಿನ ಮುಖ ಗೋಡೆಯ ಕಡೆ ತಿರುಗಿತ್ತು. ಹಿಂದೆ ಹಾದುಹೋಗುವವರಿಗೆ ಏನೂ ಕಾಣುತ್ತಿರಲಿಲ್ಲ.

“ಯಾಕ ತಿರವಿದ್ರಿ?” ಎಂದಳು.

“ನೀವು ಹದಿನೈದ ಸಲ ಹಿಂದ ತಿರುಗಿ ನೋಡ್ತಿದ್ರಿ. ನನಗ ನಿಮ್ಮ ಕುತಗಿ ಬ್ಯಾನಿ ಆದೀತು ಅಂತ ಕಾಳಜಿ ಆತು.”

ಅವಳಿಗೆ ನಗು ಬಂತು. ನಗುತ್ತಿದ್ದಾಗಲೇ ಗಾಬರಿಯೂ ಆಯಿತು. ‘ಎಷ್ಟು ಸಲ ತಿರುಗಿ ನೋಡಿದೆ ಎಂದು ಎಣಿಸಿದ್ದಾನೆ... ಅಂದರೆ ಇವನು ನನ್ನನ್ನೇ ನೋಡುತ್ತಿದ್ದನೇ?’

ಒಂದು ಗುರುವಾರ ಕರೆಂಟು ಹೋಯಿತು. ಉಳಿದವರೆಲ್ಲ ಎದ್ದುಹೋದರು. ಅವನು ಬಾಗಿಲಿನ ಹತ್ತಿರ ಎರಡು ಕುರ್ಚಿ ಹಾಕಿ, ಎದುರಿನ ಹೋಟೆಲ್ಲಿನಿಂದ ಚಹಾ ತಂದ. ತನ್ನ ಚಹಾಕ್ಕೆ ಸಕ್ಕರೆ ಇಲ್ಲ. ಅದೇಕೆ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಅವಳೇ ಮಾಡಿದ ಪರೀಕ್ಷೆ ಅದು. ಇಪ್ಪತ್ತೊಂಬತ್ತನೇ ವಯಸ್ಸಿಗೇ ಸಕ್ಕರೆ ಕಾಯಿಲೆ. ರಿಪೋರ್ಟನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಅವನ ಕೈಗಿತ್ತದ್ದೂ ಅವಳೇ.

ತಾಂಬಾದ ಹೊಲ, ಕಾಲೇಜು ಅರ್ಧಕ್ಕೆ ಬಿಟ್ಟದ್ದು, ತೀರಿಹೋದ ಅಪ್ಪ, ಮನೆಯಲ್ಲಿರುವ ಅವ್ವ... ಅವನು ಮಾತಾಡಿದ. ಅವಳು ಕೇಳಿದಳು. ಕರೆಂಟು ಬಾರದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿದ್ದು ಜೀವನದಲ್ಲಿ ಅದೇ ಮೊದಲು!

ಮುಂದಿನ ವಾರ ಆ ವೆಬ್‌ಸೈಟಿನಲ್ಲಿ ಅವಳು ಬರೆದಳು: ‘ಇಲ್ಲಿ ಒಬ್ಬರಿದ್ದಾರೆ. ಏನೂ ಕೇಳುವುದಿಲ್ಲ. ಯಾರಿಗೂ ಕಾಣದಂತೆ ಪರದೆ ತಿರುಗಿಸಿ ಕೊಟ್ಟಿದ್ದಾರೆ. ಅವರ ಮುಂದೆ ನನಗೆ ನನ್ನ ತೋಳು ನೆನಪಾಗುವುದಿಲ್ಲ.’

*

ಸೆಪ್ಟೆಂಬರಿನಲ್ಲಿ ದಲ್ಲಾಳಿ ಧೂಳಪ್ಪ ಮನೆಗೆ ಬಂದ. ಬಸವನ ಬಾಗೇವಾಡಿಯ ವರ, ಹೆಸರು ಸೋಮನಿಂಗ, ಬ್ಯಾಂಕಿನಲ್ಲಿ ನೌಕರಿ. ಬಂದರು, ನೋಡಿದರು, ಒಪ್ಪಿದರು. ನಿಶ್ಚಯದ ದಿನವೂ ಗೊತ್ತಾಯಿತು.

“ಯವ್ವಾ, ಅವ್ರಿಗೆ ಹೇಳಿಬಿಡೂಣು,” ಜಯಮಾಲಾ ಅಡುಗೆಮನೆಯಲ್ಲಿ ತಾಯಿಯ ಕೈ ಹಿಡಿದಳು. “ಮುಚ್ಚಿಟ್ಟು ಮದವಿ ಆದ್ರ ನಾಳೆ ನನಗ ಏನ ಮರ್ಯಾದಿ?”

“ನನ್ನ ಮ್ಯಾಲೆ ಆಣಿ ಐತಿ. ಬಾಯಿ ಬಿಟ್ರ ನನ್ನ ಹೆಣಾ ನೋಡ್ತಿ!”

ಅವಳು ಅತ್ತಳು. ಆ ಗುರುವಾರ ಆರನೇ ಕಂಪ್ಯೂಟರಿನಲ್ಲಿ ಅದನ್ನೂ ಬರೆದುಕೊಂಡಳು. ಬಾಗೇವಾಡಿಯ ಸಂಬಂಧ, ಅವ್ವನ ಆಣೆ, ಮೋಸ ಮಾಡುತ್ತಿದ್ದೇನೆ ಎಂಬ ಸಂಕಟ. ಎದ್ದು ಬರುವಾಗ ಸಿದ್ದಾರೂಢನ ಮುಖ ನೋಡಲಾಗಲಿಲ್ಲ.

“ಮದವಿ ಗೊತ್ತಾತಂತಲ್ರಿ... ಚೊಲೋ ಆತು,” ಎಂದ ಅವನು.

ಚೊಲೋ ಆತು ಎಂದವನ ದನಿಯಲ್ಲಿ ಚೊಲೋ ಇರಲಿಲ್ಲ. ಅವಳು ದುಡ್ಡನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ನಾಲ್ಕೇ ದಿನ. ಧೂಳಪ್ಪ ಮತ್ತೆ ಬಂದ, ಈ ಸಲ ಚಪ್ಪಲಿ ಬಿಚ್ಚದೆ ಅಂಗಳದಲ್ಲೇ ನಿಂತ.

“ಲಕ್ಕವ್ವಾ, ಹಿಂಗ ಮಾಡಬಾರದಿತ್ತು. ಹುಡಿಗಿಗೆ ತೊನ್ನ ಐತಂತ! ಅವ್ರಿಗೆಲ್ಲಾ ಗೊತ್ತಾಗೇತಿ. ನನ್ನ ಮಾರಿಗೆ ಮಸಿ ಬಡದ್ರಿ.”

“ಯಾ... ಯಾರು ಹೇಳಿದ್ರು?”

“ಅದೇನೋ, ಬಸ್‌ಸ್ಟ್ಯಾಂಡ್ ಮುಂದಿನ ಸೈಬರ್‌ದಾಗ ಗೊತ್ತಾತಂತ.”

ಬಾಗಿಲ ಹಿಂದೆ ನಿಂತಿದ್ದ ಜಯಮಾಲಾ ಅದನ್ನು ಕೇಳಿದಳು.

ಸೈಬರ್‌ನಲ್ಲಿ! ಅವಳ ಖರೇ ಹೆಸರು ಗೊತ್ತಿದ್ದವನು ಒಬ್ಬನೇ. ಅವಳು ಎಲ್ಲಿ ಕೂಡುತ್ತಾಳೆಂದು ಗೊತ್ತಿದ್ದವನೂ ಒಬ್ಬನೇ. ಪರದೆ ತಿರುಗಿಸಿದ್ದು... ಚಹಾ ತಂದದ್ದು... ಎಲ್ಲ ನಾಟಕವೇ? ಎದ್ದುಹೋದ ಮೇಲೆ ಕೂತು ಓದುತ್ತಿದ್ದನೇ?

ಓಣಿಯ ಜನ ನೋಡುತ್ತಿದ್ದರೂ ಲೆಕ್ಕಿಸದೆ ಅವಳು ಹೊರಗೆ ನಡೆದಳು.

*

ಸಂಜೆ ಐದು ಗಂಟೆ. ಅಂಗಡಿ ತುಂಬ ಕಾಲೇಜು ಹುಡುಗಿಯರು. ಜಯಮಾಲಾ ಸೀದಾ ಮೇಜಿನ ಮುಂದೆ ಬಂದು ನಿಂತಳು.

“ಯಾರ್‍ಯಾರಿಗೆ ಹೇಳೀರಿ?”

ಸಿದ್ದಾರೂಢ ಎದ್ದು ನಿಂತ. “ಏನ್ರಿ? ಏನಾತು?”

“ಯಾರಿಗೂ ತೋರ್ಸಂಗಿಲ್ಲ ಅಂತ ಮಾತ ಕೊಟ್ಟಿದ್ರಿ! ಮಂದಿ ಕುಂತು ಎದ್ದ ಮ್ಯಾಲೆ ಅವರ ಸಂಕಟ ಓದೂದ ನಿಮ್ಮ ಧಂದೆ ಏನು?”

“ದೇವರಾಣಿ, ನಾ ಏನೂ ಓದಿಲ್ರಿ...”

“ಸುಳ್ಳ! ನಾನು ಊರ ಮಂದಿ ರಿಪೋರ್ಟ್ ಲಕೋಟ್ಯಾಗ ಹಾಕಿ ಕೊಡ್ತೇನಿ. ಯಾರಿಗೆ ಏನೈತಿ ಅಂತ ನನ್ನ ತಾಯಿಗೂ ಹೇಳಂಗಿಲ್ಲ. ನಿಮ್...”

‘ನಿಮ್ಮ ಸಕ್ಕರೆ ಕಾಯಿಲೆ ಯಾರಿಗಾದರೂ ಹೇಳಿದ್ದೇನೆಯೇ?’ ನಾಲಿಗೆಯ ತುದಿಗೆ ಬಂದಿತ್ತು. ಸುತ್ತ ಹತ್ತು ಜೋಡಿ ಕಿವಿ. ಅಷ್ಟು ಸಿಟ್ಟಿನಲ್ಲೂ ಅವಳು ತುಟಿ ಕಚ್ಚಿ ಆ ಮಾತನ್ನು ನುಂಗಿದಳು.

ಅವನಿಗೆ ಅದು ತಿಳಿಯಿತು. ಅವಳು ಯಾವ ಮಾತನ್ನು ನುಂಗಿದಳೆಂದು ಆ ಅಂಗಡಿಯಲ್ಲಿ ತಿಳಿದದ್ದು ಅವನೊಬ್ಬನಿಗೇ.

“ನನ್ನ ನಂಬಿಕಿ ಮಾರಿದ್ರಿ ನೀವು,” ಎಂದಷ್ಟೇ ಹೇಳಿ ಅವಳು ಹೊರಟುಹೋದಳು.

ಹುಡುಗಿಯರು ಒಬ್ಬೊಬ್ಬರಾಗಿ ಎದ್ದರು. ಮರುದಿನ ಒಬ್ಬ ಹುಡುಗಿಯೂ ಆ ಅಂಗಡಿಗೆ ಬರಲಿಲ್ಲ.

*

ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು?

ಮನೆಯಲ್ಲಿ ಖಂಡೆಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಗಳ ಹತ್ತಿರ ಬಂದು ಕುಳಿತ. ಆ ದೊಡ್ಡ ದೇಹದ ಮನುಷ್ಯನ ಕಣ್ಣಲ್ಲಿ ನೀರಿತ್ತು.

“ಎಂಟ ವರ್ಷ ಒಬ್ಬಾಕೀನ ಹೊತ್ತಿ ಏನವಾ? ನಾ ನಿಮ್ಮಪ್ಪ ಅಲ್ಲೇನು?”

“ಯಪ್ಪಾ...”

“ಸಂಬಂಧ ಹೋದ್ರ ಹೋಗಲಿ, ಅದರ ಮನಿ ಹಾಳಾಗಲಿ. ನನಗ ಹೇಳ್ಲಿಲ್ಲಲ್ಲ ಅನ್ನೂದ ಎದ್ಯಾಗ ಕುಂತೈತಿ.”

ಅವಳು ಚಿಕ್ಕಂದಿನಂತೆ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಲಕ್ಕವ್ವ ಒಳಗೆ ಗೋಡೆಗೆ ಮುಖಮಾಡಿ ನಿಂತಿದ್ದಳು. ಅವಳೂ ಅಳುತ್ತಿದ್ದಳು, ಆದರೆ ಶಬ್ದ ಬರಲಿಲ್ಲ.

ದವಾಖಾನೆಯಲ್ಲಿ ಬೇರೆಯೇ ಕಥೆ. ಒಬ್ಬ ಗೌಡರ ಮನೆಯ ಹೆಂಗಸು ತೋಳು ಚಾಚಿದವಳು, ಜಯಮಾಲಾಳನ್ನು ಕಂಡು ಹಿಂದೆ ಎಳೆದುಕೊಂಡಳು.

“ಈಕಿ ಕೈಲೆ ಬ್ಯಾಡ. ಬ್ಯಾರೆಯವ್ರನ್ನ ಕರೀರಿ.”

ಹಿರಿಯ ನರ್ಸ್ ಅಖ್ತರಬೇಗಂ ಎರಡು ಹೆಜ್ಜೆ ಮುಂದೆ ಬಂದಳು.

“ಇದು ಮುಟ್ಟಿದ್ರ ಬರೂದಲ್ರಿ ಬಾಯಾರ. ಇಲ್ಲಿ ಈಕೀನ ರಕ್ತ ತಗೀತಾಳ. ಒಲ್ಲಂದ್ರ ವಿಜಾಪುರದ ಬಸ್ ಹತ್ತೂವರಿಗೆ ಐತಿ.”

ಹೆಂಗಸು ಗೊಣಗುತ್ತ ಕೈ ಚಾಚಿದಳು. ಜಯಮಾಲಾ ಒಂದೇ ಸಲಕ್ಕೆ ಸರಿಯಾಗಿ ರಕ್ತ ತೆಗೆದಳು. ಅತ್ತದ್ದು ಆಮೇಲೆ, ಹಿಂದಿನ ಕೋಣೆಯಲ್ಲಿ.

ಅವಳ ದುಃಖದಲ್ಲಿ ಒಂದು ವಿಚಿತ್ರವಿತ್ತು. ಸೋಮನಿಂಗನ ಮುಖ ಅವಳಿಗೆ ನೆನಪೇ ಆಗುತ್ತಿರಲಿಲ್ಲ. ‘ದೇವರಾಣಿ, ನಾ ಏನೂ ಓದಿಲ್ರಿ...’ ಎಂದವನ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಮೋಸಗಾರ! ಆದರೂ... ಮೋಸಗಾರನ ಕಣ್ಣು ಹಾಗಿರುತ್ತವೆಯೇ?

*

ಹತ್ತು ದಿನದ ಮೇಲೆ, ಬೆಳಗಿನ ಏಳೂವರೆಗೆ, ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ಬಂದವರ ಸಾಲಿನಲ್ಲಿ ಕೊನೆಯವನಾಗಿ ಸಿದ್ದಾರೂಢ ನಿಂತಿದ್ದ.

ಅವನು ಕುರ್ಚಿಯಲ್ಲಿ ಕುಳಿತು ಅಂಗಿಯ ತೋಳು ಮಡಚಿದ. ಅವಳು ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕಿದಳು. ಎಷ್ಟು ಹತ್ತಿರ! ಅವನ ಉಸಿರು ಕೇಳಿಸುತ್ತಿತ್ತು.

“ಎರಡ ಮಾತ ಹೇಳ್ಲೇನ್ರಿ?”

“ಅಲಗ್ಯಾಡಬ್ಯಾಡ್ರಿ. ಸೂಜಿ ಐತಿ.”

“ಅಲಗ್ಯಾಡಂಗಿಲ್ಲ. ನೀವು ಹೋದ ಮ್ಯಾಲೆ ನಾ ಆರನೇ ಕಂಪ್ಯೂಟರಿಗೆ ಕುಂತು ನೋಡಿದೆ. ವಿಳಾಸ ಹೊಡಿಯೋ ಪಟ್ಟಿ ಒತ್ತಿದ್ರ ಹಿಂದ ನೋಡಿದ್ದೆಲ್ಲಾ ಸಾಲಾಗಿ ಬಿತ್ತು. ಒಂದ ಒತ್ತಿದೆ... ‘ಮತ್ತೆ ಬಂದಿರಿ, ಸ್ವಾಗತ, ಜಯಮಾಲಾ’ ಅಂತ ನಿಮ್ಮ ಹೆಸರ ಬಂತ್ರಿ! ನೀವಲ್ಲ, ನಾ ಕುಂತಿದ್ದೆ. ಆದ್ರೂ ನಿಮ್ಮ ಹೆಸರ ಬಂತು.”

ಅವಳ ಕೈ ನಿಂತಿತು.

“ಹೆಸರ ಕಂಡ ಕೂಡ್ಲೆ ಬಂದ್ ಮಾಡಿದೆ. ವಿಜಾಪುರಕ್ಕ ಹೋದೆ. ನಮ್ಮ ಅಂಗಡಿಗೆ ಕಂಪ್ಯೂಟರ್ ಹಾಕಿಕೊಟ್ಟಾಂವ ಶಹಾಬುದ್ದೀನ ಅಂತ ಇದ್ದಾನ. ಇದೇನು ಭೂತ ಅಂತ ಕೇಳಿದೆ. ‘ಭೂತ ಅಲ್ಲ ಭಾಯಿ, ಕುಕಿ’ ಅಂದ. ಕುಕಿ ಅಂದ್ರ ಬಿಸ್ಕೀಟ್ ಅಲ್ಲೇನು ಅಂದೆ. ಹೊಟ್ಟಿ ಹಿಡ್ಕೊಂಡು ನಕ್ಕ.”

ಅವಳ ತುಟಿ ತುಸು ಅಲುಗಿತು. ಆದರೆ ನಗಲಿಲ್ಲ.

“ವೆಬ್‌ಸೈಟ್‌ನವ್ರು ನಮ್ಮ ಕಂಪ್ಯೂಟರಿನಾಗ ಒಂದ ಸಣ್ಣ ಚೀಟಿ ಇಟ್ಟು ಹೋಗ್ತಾರಂತ. ಮತ್ತ ಹೋದಾಗ ಆ ಚೀಟಿ ನೋಡಿ, ಓ ಇವರ ಬಂದಾರ ಅಂತ ಗುರುತ ಹಿಡಿತೈತಂತ. ಅದಕ್ಕ ಚೀಟಿ ಗೊತ್ತು, ನಮ್ಮ ಮಾರಿ ಗೊತ್ತಿಲ್ಲ. ಕುರ್ಚಿ ಮ್ಯಾಲೆ ಯಾರ ಕುಂತಾರ ಅಂತ ತಿಳಿಯಂಗಿಲ್ಲ. ಮನ್ಯಾಗಿನ ಕಂಪ್ಯೂಟರಿಗೆ ಅದು ಅನುಕೂಲ. ಹತ್ತ ಮಂದಿ ಕೂಡೂ ಕಡೆ... ಅನಾಹುತ.”

‘ನನ್ನನ್ನು ನೆನಪಿಟ್ಟುಕೋ’... ಅವಳೇ ಗುರುತು ಹಾಕಿದ ಆ ಚೌಕ!

“ಹಂಗಾರ... ಓದಿದವ್ರು ಯಾರು?”

“ನೀವು ಕಡೀಕ ಬಂದ ಗುರುವಾರದ ರಿಜಿಸ್ಟರ್ ನೋಡಿದೆ. ನಿಮ್ಮ ಹಿಂದ ಆರನೇ ನಂಬರಿಗೆ ಕುಂತಾಂವ ಬಾಗೇವಾಡಿಯ ಶಂಕರೆಪ್ಪ ಅಂತ. ಮಗಳ ಪರೀಕ್ಷೆ ರಿಸಲ್ಟ್ ನೋಡಾಕ ಬಂದಿದ್ದ. ಧೂಳಪ್ಪನ್ನ ಕೇಳಿದೆ. ವರನ ಸ್ವಾದರಮಾವ ಅಂತ ಅವ. ನನ್ನಂಗ ಆ ಪಟ್ಟಿ ಒತ್ತಿ, ನಿಮ್ಮ ಹೆಸರ ಊರ ಕಂಡು ಗುರುತ ಹಿಡದು ಓದಿರಬೇಕು.”

ಸೂಜಿ ಹೊರಗೆ ತೆಗೆದು ಹತ್ತಿಯನ್ನು ಒತ್ತಿ ಹಿಡಿದಳು. ಬಿಡಬೇಕೆಂದು ನೆನಪೇ ಆಗಲಿಲ್ಲ.

“ನಾ ಊರ ಮುಂದ ನಿಮ್ಮ ಮರ್ಯಾದಿ ಕಳದೆ...”

“ತಪ್ಪ ನಂದೂ ಐತ್ರಿ. ಅಂಗಡಿ ಇಟ್ಟು ಎರಡ ವರ್ಷ ಆತು, ಇದು ನನಗ ಗೊತ್ತಿರಬೇಕಿತ್ತು. ಮಾನೀಟರ್ ತಿರವಿದ್ರ ಮುಗೀತು ಅಂತ ತಿಳಕೊಂಡಿದ್ದೆ. ಹಿಂದ ಉಳಿಯೂದು ಏನಂತ ನನಗ ತಿಳೀಲಿಲ್ಲ. ಕ್ಷಮಾ ಕೇಳಾಕ ಬಂದೇನಿ.”

“ಅಷ್ಟೆಲ್ಲಾ ಇತ್ತಲ್ಲ... ಒಂದ ಸಾಲರ ಓದಬೇಕು ಅನಿಸಲಿಲ್ಲೇನ್ರಿ?”

“ಅನಿಸಿತು,” ಅವನು ತಲೆ ತಗ್ಗಿಸಿದ. “ಭಾಳ ಅನಿಸಿತು. ಆದ್ರ ಅದು ನನಗ ಬರದದ್ದಲ್ಲಲ್ರಿ.”

ಅವನು ಎದ್ದುಹೋದ. ಹತ್ತಿ ಒತ್ತಿದ ಬೆರಳು ಗಾಳಿಯಲ್ಲಿ ಹಾಗೇ ಉಳಿಯಿತು. ಅವಳಿಗೆ ಹಾಯೆನಿಸಿತು. ಹಾಯೆನಿಸಿದಷ್ಟೇ ನಿರಾಸೆಯೂ ಆಯಿತು. ‘ಅವನಿಗಾಗಿ ಬರೆಯದಿದ್ದರೂ... ಅವನ ಬಗ್ಗೆಯೇ ಬರೆದಿದ್ದೆನಲ್ಲ!’

*

ಅಂದು ಗುರುವಾರ. ಅದೇ ಸಂಜೆ ಅವಳು ಸೈಬರ್ ಅಂಗಡಿಗೆ ಹೋದಳು. ಜನ ಇರುವ ಹೊತ್ತನ್ನೇ ಆರಿಸಿಕೊಂಡು ಹೋದಳು.

ಅಂಗಡಿಯ ಗೋಡೆಯ ಮೇಲೆ ಹೊಸ ಫಲಕವಿತ್ತು. ಕೆಂಪು ಬಣ್ಣದಲ್ಲಿ, ಕೈಯಿಂದಲೇ ಬರೆದದ್ದು: ‘ಎದ್ದು ಹೋಗುವ ಮುನ್ನ ಸೈನ್ ಔಟ್ ಮಾಡಿರಿ. “ನನ್ನನ್ನು ನೆನಪಿಟ್ಟುಕೋ” ಎಂಬಲ್ಲಿ ಗುರುತು ಹಾಕಬೇಡಿರಿ. ನಿಮ್ಮ ಗುರುತನ್ನು ನಿಮ್ಮೆದುರಿಗೇ ಅಳಿಸಿ ಕೊಡಲಾಗುವುದು.’

ಒಳಗೆ ಒಬ್ಬ ಹುಡುಗ ಗೊಣಗುತ್ತಿದ್ದ, “ಪ್ರತಿ ಸಲ ಪಾಸ್‌ವರ್ಡ್ ಹೊಡಿಬೇಕಾತಲ್ಲೋ ಮಾರಾಯಾ!” ಸಿದ್ದಾರೂಢ ಅವನ ಪಕ್ಕ ನಿಂತು ಒಂದೊಂದಾಗಿ ಒತ್ತಿ ತೋರಿಸುತ್ತಿದ್ದ. ಬಾಗಿಲಲ್ಲಿ ಜಯಮಾಲಾಳನ್ನು ಕಂಡು ಅವನ ಕೈ ಮೌಸಿನ ಮೇಲೇ ನಿಂತಿತು.

“ಎಲ್ಲಾರೂ ಒಂದ ಸಲ ಕೇಳ್ರಿ,” ಎಂದು ಅವಳು ದನಿಯೇರಿಸಿದಳು. “ಅವತ್ತ ಇಲ್ಲೇ ನಿಂತು ಇವ್ರಿಗೆ ಕಳ್ಳ ಅಂದಂಗ ಮಾತಾಡಿದೆ. ಅದು ಸುಳ್ಳ. ಇವ್ರು ಯಾರದೂ ಓದಿಲ್ಲ, ಯಾರಿಗೂ ಹೇಳಿಲ್ಲ. ನಿಮ್ಮ ಅಕ್ಕ ತಂಗ್ಯಾರನ್ನ ಧೈರ್ಯಲೆ ಕಳಸ್ರಿ. ನಾನೂ ಬರ್ತೇನಿ.”

ಅವಳು ನೇರವಾಗಿ ಮೂಲೆಗೆ ಹೋಗಿ ಆರನೇ ಕಂಪ್ಯೂಟರಿನ ಮುಂದೆ ಕುಳಿತಳು.

ಅವನು ಒಂದು ಲೋಟ ನೀರು ತಂದಿಟ್ಟ.

“ಇಷ್ಟ ಮಂದಿ ಮುಂದ ಹೇಳೂದ ಬೇಕಿರಲಿಲ್ರಿ.”

“ಬೈದದ್ದು ಮಂದಿ ಮುಂದಲ್ಲೇನು?”

ಹೊರಗೆ ಇಂಡಿ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ.

“ನೀವು ಓದಿದ್ರ... ಚೊಲೋ ಇತ್ತು,” ಎಂದಳು, ಕೀಲಿಮಣೆಯನ್ನು ನೋಡುತ್ತ.

“ಯಾಕ್ರಿ? ಏನಿತ್ತು ಅದರಾಗ?”

“ನೀವ ಇದ್ರಿ.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಬೆನ್ನ ಹಿಂದಿನ ಗೋಡೆಗೆ ಒರಗಿದ.

“ಹಂಗಾರ... ಈಗ ಓದಬಹುದೇನ್ರಿ?”

“ಬ್ಯಾಡ.” ಅವಳು ತಲೆಯೆತ್ತಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು! “ಅದೆಲ್ಲಾ ಅಳಸಿಬಿಡ್ತೇನಿ. ಬಾಯಿಲೆ ಹೇಳ್ತೇನಿ. ನೀವಂದ್ರ ನನಗ ಜೀವ.”

“ಜಯಮಾಲಾ ಅವರ...” ಅವನು ಅವಳ ಕಡೆ ಬಾಗಿದ. “ನಿಮ್ಮ ಮದವಿ ಸುದ್ದಿ ಕೇಳಿದ ದಿನ ನಾ ಊಟಾ ಮಾಡಿಲ್ರಿ. ನಮ್ಮವ್ವ ಸಕ್ಕರಿ ಏರಾಪೇರಾತು ಅಂತ ಗಾಬರಿಯಾಗಿದ್ಲು. ಅವ್ವಗ ಹೆಂಗ ಹೇಳ್ಲಿ, ಇದು ಸಕ್ಕರಿ ಅಲ್ಲ ಅಂತ?”

*

ಆದರೆ ಮನೆಯ ಹಿರಿಯರು ಇದ್ದಾರಲ್ಲ!

ಫೆಬ್ರವರಿಯಲ್ಲಿ ಸಿದ್ದಾರೂಢ ತನ್ನ ತಾಯಿಯನ್ನು ಕರೆದುಕೊಂಡು ಖಂಡೆಪ್ಪನ ಮನೆಗೆ ಬಂದ. ಚಹಾ, ಚುಮ್ಮರಿ ಆದ ಮೇಲೆ, ದೊಡ್ಡವರು ಮಾತು ತೆಗೆಯುವ ಮೊದಲೇ ಅವನು ಕೈಮುಗಿದ.

“ಮೊದಲ ಒಂದ ಮಾತ ಹೇಳ್ತೇನ್ರಿ. ನನಗ ಸಕ್ಕರಿ ಬ್ಯಾನಿ ಐತಿ. ಒಂದ ವರ್ಷ ಆಗಾಕ ಬಂತು. ಗುಳಿಗಿ ತಗೋತೇನಿ, ಪಥ್ಯಾ ಮಾಡ್ತೇನಿ. ಆದ್ರ ಹೋಗೂ ಬ್ಯಾನಿ ಅಲ್ಲ. ತಿಳದ ಹ್ಞೂಂ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ.”

ಲಕ್ಕವ್ವನ ಮುಖ ಕಪ್ಪಿಟ್ಟಿತು. ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಕೇಳಿದೇನ? ಇಷ್ಟ ಸಣ್ಣ ವಯಸ್ಸಿಗೆ ಸಕ್ಕರಿ!”

“ನನಗ ಗೊತ್ತೈತಿ ಯವ್ವಾ. ಹೋದ ವರ್ಷದಿಂದ ಗೊತ್ತೈತಿ. ನಾನ ರಕ್ತ ನೋಡಿದ್ದೆ.”

“ಗೊತ್ತಿತ್ತು? ಗೊತ್ತಿದ್ದೂ ನನಗ ಒಂದ ಮಾತ ಹೇಳ್ಲಿಲ್ಲ?”

“ಅದು ಅವ್ರ ಮಾತು. ಅವ್ರ ಹೇಳಬೇಕಿತ್ತು, ಇವತ್ತ ಹೇಳಿದ್ರು. ಯಾರೂ ಆಣಿ ಹಾಕಲಾರದ ಹೇಳಿದ್ರು.”

ಲಕ್ಕವ್ವ ಮಗಳ ಮುಖವನ್ನೇ ನೋಡಿದಳು. ಎಂಟು ವರ್ಷದ ಹಿಂದೆ ಬಾಯಿಗೆ ಹಾಕಿದ ಬೀಗ ಆಕೆಗೆ ನೆನಪಾಗಿರಬೇಕು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಾ ಅಂಜಿದೆ ಮಗಳ... ನಿನಗ ಯಾರೂ ಇಲ್ಲಂಗ ಆದೀತು ಅಂತ ಅಂಜಿದೆ. ಅಂಜಿ ಅಂಜಿ ನಿನ್ನ ಒಬ್ಬಾಕೀನ ಮಾಡಿಟ್ಟೆ.”

“ಇರಲಿ ಬಿಡ ಯವ್ವಾ.”

ತಾಯಿ ಮಗಳು ಅಪ್ಪಿಕೊಂಡು ನಿಂತರು. ಪಡಸಾಲೆಯಿಂದ ಖಂಡೆಪ್ಪ ಕೂಗಿದ, “ಲಕ್ಕವ್ವಾ, ಒಳಗ ಏನ ಪಂಚಾಯ್ತಿ ನಡದೈತಿ? ಬೀಗತಿ ಕುಂತಾಳ, ಮಾತಾಡಸು ಬಾ!”

ಬೀಗತಿ! ಅಂದರೆ ಅಪ್ಪ ಆಗಲೇ ಒಪ್ಪಿದ್ದ.

ಹಿರಿಯರು ತಾರೀಖಿನ ಮಾತಿಗೆ ಕೂತರು. “ಹೋಗವಾ, ಅವ್ರಿಗೆ ಮಾಳಗಿ ತೋರಸು,” ಎಂದು ಖಂಡೆಪ್ಪನೇ ನಗುತ್ತ ಇಬ್ಬರನ್ನೂ ಮೇಲೆ ಕಳಿಸಿದ.

ಮಧ್ಯಾಹ್ನದ ಬಿಸಿಲು. ಮಾಳಿಗೆಯ ಮೇಲೆ ಹಿತ್ತಲಿನ ಬೇವಿನ ಟೊಂಗೆಯೊಂದು ಬಾಗಿತ್ತು. ಒಣಹಾಕಿದ ಮೆಣಸಿನಕಾಯಿಯ ಆಚೆ ಈಚೆ ಇಬ್ಬರೂ ನಿಂತರು.

“ನೀವು ಇವತ್ತಿನತನ ಒಮ್ಮಿನೂ ಕೇಳಲಿಲ್ಲ,” ಎಂದಳು ಜಯಮಾಲಾ.

“ಏನ್ರಿ?”

“ಎಷ್ಟ ಐತಿ, ಎಲ್ಲಿತನ ಐತಿ, ಹೆಂಗ ಕಾಣತೈತಿ ಅಂತ.”

“ನೀವು ತೋರಿಸಿದ್ರ ನೋಡ್ತೇನಿ. ತೋರಸ್ಲಿಲ್ಲಂದ್ರ ಇಲ್ಲ. ಜೀವನ ಪೂರ್ತಿ ಕೇಳಂಗಿಲ್ಲ.”

ಜಯಮಾಲಾ ಎಡಗೈಯ ಗುಂಡಿ ಬಿಚ್ಚಿದಳು. ತೋಳನ್ನು ನಿಧಾನವಾಗಿ ಮೇಲಕ್ಕೆ ಮಡಚಿದಳು, ಮೊಳಕೈಯತನಕ, ಅದರಿಂದಲೂ ಮೇಲೆ... ಎಂಟು ವರ್ಷದಲ್ಲಿ ಮೊದಲ ಸಲ ಆ ತೋಳು ಬಯಲು ಬೆಳಕು ಕಂಡಿತು.

ಅವಳು ಕಣ್ಣು ಮುಚ್ಚಿಕೊಂಡಳು. ‘ಏನನ್ನುತ್ತಾನೆ? ಮುಖ ತಿರುಗಿಸುತ್ತಾನೆಯೇ? ಕನಿಕರ ಪಡುತ್ತಾನೆಯೇ?’

“ಬ್ಯಾನಿ ಆಗತೈತೇನ್ರಿ?”

ಅವಳು ಕಣ್ಣು ತೆರೆದಳು. ಅವನು ನೋಡುತ್ತಿದ್ದ, ಸುಮ್ಮನೆ, ಅವಳ ಕೈಯನ್ನು ನೋಡುವ ಹಾಗೆಯೇ.

“ಇಲ್ಲ.”

“ಮತ್ತ ಬಿಸಲಿಗೆ?”

“ಬಿಸಲಿಗೆ ಉರಿತೈತಿ.”

ಸಿದ್ದಾರೂಢ ಬೇವಿನ ಟೊಂಗೆಯ ಕೆಳಗೆ ತಾನು ನಿಂತಿದ್ದಲ್ಲೇ ತುಸು ಸರಿದು ಜಾಗ ಮಾಡಿ, ಮೆಣಸಿನಕಾಯಿಯ ಮೇಲಿಂದ ಅವಳಿಗೆ ಕೈ ಚಾಚಿದ.

“ಹಂಗಾರ ಈ ಕಡೆ ನೆರಳಿಗೆ ಬಾ.”

ಮೊದಲ ಸಲ ಅವನು ‘ರಿ’ ಎನ್ನಲಿಲ್ಲ. ಅವಳು ತೋಳು ಇಳಿಸದೆಯೇ ಅವನ ಕೈ ಹಿಡಿದು ನೆರಳಿಗೆ ಬಂದಳು.